ಗಂಟಲು ಕಟ್ಟಿದ ದಿನ ಈರಣ್ಣ ನಡೆಸಿಕೊಟ್ಟ ವಾದ

ಉರುಕುಂದಿ ಈರಣ್ಣ ದೇವರಿಗೆ ನಡಕೊಳ್ಳೋ ಅಣ್ಣ-ತಮ್ಮಂದಿರೆ, ಅಕ್ಕ-ತಂಗೇರೆ, ನನ್ನ ಗೆಳತಿ ಹನುಮಕ್ಕನ ಕೆಲಸ ಹೋದದ್ದು ಹೋದ ವರ್ಷ ಶ್ರಾವಣದಾಗ. ಆದೋನಿಯ ಒಂದು ಹತ್ತಿ ಮಿಲ್ಲಿನಾಗ ನಾವಿಬ್ಬರೂ ಹನ್ನೆರಡು ವರ್ಷ ಕೂಡಿ ದುಡಿದೀವಿ. ಮಗಳ ಬಾಣಂತನಕ್ಕಂತ ಸೂಪರ್‌ವೈಜರ್‌ಗೆ ಬಾಯಿಮಾತಿನಾಗ ಹೇಳಿ ಹೋದಾಕಿ ತಿರುಗಿ ಬಂದ್ರ ಗೇಟು ತೆಗೀಲಿಲ್ಲ. "ತಾನಾಗೇ ಕೆಲಸ ಬಿಟ್ಟಾಳ, ತಿರುಗಿ ಈ ಕಡೆ ಬರಲೇ ಇಲ್ಲ" ಅಂತ ಮಿಲ್ಲಿನವರು ಬರೆದುಕೊಟ್ರು. ಗಂಡ ಇಲ್ಲದ ಹೆಣ್ಣಮಗಳು, ಆ ಕೆಲಸ ಬಿಟ್ರ ಆಕಿಗೆ ಬ್ಯಾರೆ ದಿಕ್ಕಿಲ್ಲ.

ಕೇಸು ಲೇಬರ್ ಕೋರ್ಟಿಗೆ ಹೋತು. ಅಲ್ಲಿ ವಕೀಲರೇ ಬೇಕಂತಿಲ್ಲ, ಕಾರ್ಮಿಕ ಸಂಘದವರೂ ವಾದ ಮಾಡಬಹುದು. ಸಂಘದ ಜಾಯಿಂಟ್ ಸೆಕ್ರೆಟ್ರಿ ಅಂತ ನನ್ನನ್ನ ಮುಂದ ತಳ್ಳಿದ್ರು. ಖರೇ ಹೇಳಬೇಕಂದ್ರ, ನನ್ನ ಬಾಯಿ ಬೊಂಬಾಯಿ ಅಂತ ಕೌತಾಳಂ ತನಕ ಹೆಸರೈತಿ, ಅದಕ್ಕ.

ಸಂಘದ ಹಿರಿಯರು ನರಸಪ್ಪ ಮಾವ ದಿನಾ ಸಂಜಿಗೆ ನಮ್ಮನಿಗೆ ಬಂದು ವಾದ ಕಲಿಸಿದ್ರು. "ಸಣ್ಣ ಪ್ರಶ್ನಿ ಕೇಳು ತಾಯಿ, ಕೇಳಿ ಸುಮ್ಮನಾಗು" ಅನ್ನೋದೇ ಅವರ ಪಾಠ. ನಮ್ಮನಿಯವರನ್ನ ಸೂಪರ್‌ವೈಜರ್ ಮಾಡಿ ಕುರ್ಚಿಮ್ಯಾಲ ಕುಂದ್ರಿಸಿದ್ರು. ನಾನು ಪ್ರಶ್ನಿ ಕೇಳಿ, ಉತ್ತರಾನೂ ನಾನೇ ಹೇಳಿ, ಆ ಉತ್ತರ ಸುಳ್ಳಂತ ಬೈದು, ಕಡೀಕ ನಮ್ಮ ನಾದಿನಿ ಮದುವಿ ಜಗಳಾನೂ ತೆಗೆದೆ. "ಮಾವ, ನಾ ಬಾಯಿ ಯಾವಾಗ ತೆಗೀಲಿ?" ಅಂದ್ರು ನಮ್ಮನಿಯವರು. ಮಾವ ತಲಿ ಹಿಡಕೊಂಡ್ರು. "ಇಷ್ಟು ವರ್ಷ ಕೇಸು ನೋಡೀನಿ, ಎದುರಿನ ಸಾಕ್ಷಿ ಮ್ಯಾಲ ಕನಿಕರ ಬಂದದ್ದು ಇದೇ ಮೊದಲು" ಅಂದ್ರು.

ನನಗ ಸಿಟ್ಟು ಬಂತು. ಸುಮ್ಮನಿದ್ದು ಯಾರು ಗೆದ್ದಾರ? ಉರುಕುಂದಿಗೆ ಹೋಗಿ ಕಾಯಿ ಒಡೆಸಿ, "ಈರಣ್ಣ ತಂದಿ, ಕೋರ್ಟು ಗಡಗಡ ನಡುಗೋವಂಥ ದನಿ ಕೊಡು" ಅಂತ ಬೇಡಿಕೊಂಡೆ. ಬಂದು ಮೂರು ದಿನ ಒದರಿ ಒದರಿ ರೂಢಿ ಮಾಡಿದೆ. ವಿಚಾರಣಿ ದಿನ ಮುಂಜಾನೆ ಎದ್ದು ಬಾಯಿ ತೆಗೆದ್ರ ಗಾಳಿ ಅಷ್ಟೇ ಬಂತು. ನಮ್ಮನಿಯವರು ದೇವರ ಪಟಕ್ಕ ಕೈಮುಗಿದು, "ಇಪ್ಪತ್ತು ವರ್ಷದಿಂದ ನಾ ಬೇಡಿದ್ದು ಕೊಟ್ಟಿ ಖರೇ, ಇವತ್ತೇ ಯಾಕಪ್ಪ ಕೊಟ್ಟಿ" ಅಂದ್ರು.

ಕೋರ್ಟಿಗೆ ಹೋಗೋ ಬಸ್ಸಿನಾಗ ದಾರಿಯುದ್ದಕ್ಕೂ ಅತ್ತೆ. ಹನುಮಕ್ಕ ಶುಂಠಿ ಚೂರು ನನ್ನ ಬಾಯಾಗ ಹಾಕಿ "ಇರ್ಲಿ ಬಿಡು, ಈರಣ್ಣ ನೋಡ್ಕೋತಾನ" ಅಂದ್ಲು. ಈರಣ್ಣನ್ನ ನಾನು ಮನಸಿನಾಗೇ ಬೈದೆ, ತಪ್ಪು ಒಪ್ಪಿಕೋತೀನಿ.

ಸೂಪರ್‌ವೈಜರ್ ಸಾಕ್ಷಿ ಹೇಳಾಕ ನಿಂತ. ಇದ್ದಬದ್ದ ದನಿ ಕೂಡಿಸಿ ಕೇಳಿದೆ: "ಆಕಿ ತಿರುಗಿ ಬರಲಿಲ್ಲಂತ ನಿಮಗ ಹ್ಯಾಂಗ ಗೊತ್ತು?"

"ದಿನಾ ಗೇಟಿನಾಗ ನಾನೇ ಇರ್ತೀನಿ" ಅಂದ.

ಮುಂದಿನ ಪ್ರಶ್ನಿಗೆ ದನಿ ಏಳಲಿಲ್ಲ. ಅವನ ಮಾರಿ ನೋಡಿಕೋತ ನಿಂತೆ. ಜಡ್ಜ್ ಸಾಹೇಬ್ರೂ ಪೆನ್ನು ಹಿಡಿದು ಅವನನ್ನೇ ನೋಡಿದ್ರು. ಫ್ಯಾನ್ ತಿರುಗೋದು ಒಂದೇ ಕೇಳತಿತ್ತು. ಅವ ಬೆವರು ಒರೆಸಿಕೊಂಡ.

"ಅಂದ್ರ, ಬಂದಿದ್ಲು ಸಾರ್. ಎಂಟು ದಿನ ಬಂದು ಗೇಟು ಹಿಡಕೊಂಡು ನಿಂತಿದ್ಲು. ಒಳಗ ಬಿಡಬ್ಯಾಡ ಅಂತ ಮ್ಯಾನೇಜರ್ ಹೇಳಿದ್ರು, ನಾನೇನು ಮಾಡ್ಲಿ?"

ಸಾಹೇಬ್ರು ತೆಲುಗಿನಾಗ "ಮಳ್ಳೀ ಚೆಪ್ಪಂಡಿ" ಅಂದ್ರು. ಅವ ಮತ್ತೊಮ್ಮೆ ಹೇಳಿದ, ಅವರು ಬರಕೊಂಡ್ರು. ನರಸಪ್ಪ ಮಾವ ಹಿಂದಿನಿಂದ, "ಕುಂದ್ರವ್ವ, ಆತು" ಅಂದ್ರು.

ಯುಗಾದಿ ಮುಂದ ತೀರ್ಪು ಬಂತು, ಹನುಮಕ್ಕನ್ನ ಕೆಲಸಕ್ಕ ತಗೋಬೇಕಂತ. ಇಬ್ಬರೂ ಉರುಕುಂದಿಗೆ ಹೋಗಿ ಗುಡಿ ಸುತ್ತ ಉದ್ದಕ್ಕ ಮಲಗಿ ದೀಡನಮಸ್ಕಾರ ಹಾಕಿದ್ವಿ. ಕೇಳಿದ್ದು ಕೊಡದ ದೇವರಿಗೆ ಇಷ್ಟು ಸಂತೋಷದಿಂದ ಕೈಮುಗಿದಾಕಿ ನಾನೇ ಮೊದಲಿರಬೇಕು. ನಮಗೇನು ಬೇಕು ಅನ್ನೋದು ನಮಗಿಂತ ಆತಗ ಚೊಲೋ ಗೊತ್ತೈತಿ. ನಂಬ್ರಿ, ಬಿಡ್ರಿ, ನಾನಂತೂ ಕಣ್ಣಾರೆ ಕಂಡೀನಿ.

ಸೋಮವಾರ ಹನುಮಕ್ಕ ಬುತ್ತಿ ಹಿಡಕೊಂಡು ಮಿಲ್ಲಿನೊಳಗ ಒಂದು ಹೆಜ್ಜಿ ಇಟ್ಟು ನಿಂತುಬಿಟ್ಲು. ಕಣ್ಣಾಗ ನೀರು. ಏನಾತು ಅಂದೆ.

"ಸಂಜಿಗೆ ನನ್ನ ಬಿಟ್ಟು ಹೋಗಬ್ಯಾಡ" ಅಂದ್ಲು, "ಮದ್ಲಿನಂಗ ಕೂಡಿ ಮನಿಗೆ ಹೋಗೂಣು."