ಛತ್ರದ ಬಾಗಿಲು ಕಾಯ್ದ ಮಕ್ಬುಲೆ

ಬುರ್ಸಾ ಪಟ್ಟಣದ ಪೇಟೆಯ ಹಳೆಯ ಛತ್ರದ ಹೆಬ್ಬಾಗಿಲ ಮೇಲೊಂದು ಕೋಣೆ. ಮಕ್ಬುಲೆ ಹುಟ್ಟಿದ್ದು ಅಲ್ಲೇ. ಅವಳಪ್ಪ ಸಾಬಿತ್ ಬಾಗಿಲು ಕಾಯುವವನು, ಅಜ್ಜನೂ ಅದೇ ಕೆಲಸದವನು. ಮೊದಮೊದಲ ಸುಲ್ತಾನರ ಕಾಲದಲ್ಲಿ ಒಂಟೆಗಳ ಮೇಲೆ ಸರಕು ಹೇರಿ ಬರುತ್ತಿದ್ದ ವ್ಯಾಪಾರಿಗಳಿಗೆಂದು ಕಟ್ಟಿದ ಛತ್ರವದು. ಒಂದು ಸಾಲು ಕಲ್ಲು, ಅದರ ಮೇಲೆ ಇಟ್ಟಿಗೆ, ಮತ್ತೆ ಕಲ್ಲು, ಹೀಗೆ ಎದ್ದ ದಪ್ಪ ಗೋಡೆ. ನಡುವೆ ಅಂಗಳ, ಕಾರಂಜಿ. ಸುತ್ತ ಕಮಾನಿನ ಪಡಸಾಲೆ. ಕೆಳಗಿನ ಕೋಣೆಗಳಿಗೆ ಕಿಟಕಿಯಿಲ್ಲ, ಸರಕಿಗೆ ಬೆಳಕೇಕೆ? ಮೇಲಿನವು ಮನುಷ್ಯರಿಗೆ. ಒಂದೊಂದಕ್ಕೂ ಗೋಡೆಯೊಳಗೆ ಒಲೆ, ಮೇಲೆ ಸೀಸ ಹೊದಿಸಿದ ಗುಮ್ಮಟ.

ಮಕ್ಬುಲೆಯ ಕಾಲಕ್ಕೆ ಒಂಟೆಗಳು ಮಾತಿನಲ್ಲಷ್ಟೇ ಉಳಿದಿದ್ದವು. ತಂಗಲು ಬರುವವರಿಲ್ಲದೆ ಒಲೆಗಳು ತಣ್ಣಗಾಗಿ, ಹೊಗೆಗೂಡುಗಳಲ್ಲಿ ಪಾರಿವಾಳಗಳು ಸಂಸಾರ ಹೂಡಿದ್ದವು. ರೇಷ್ಮೆಗೂಡಿನ ವ್ಯಾಪಾರವೊಂದೇ ಉಳಿದಿತ್ತು. ಜೂನ್ ಬಂತೆಂದರೆ ಅಂಗಳವೆಲ್ಲ ಗೂಡಿನ ರಾಶಿಯಿಂದ ಬೆಳ್ಳಗಾಗುತ್ತಿತ್ತು, ಆ ಹಸಿ ವಾಸನೆ ಅವಳ ಓಢಣಿಯಿಂದ ಆಗಸ್ಟ್ ಕಳೆದರೂ ಹೋಗುತ್ತಿರಲಿಲ್ಲ.

ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಹೆಣ್ಣು ನೋಡಲು ಬಂದವರಿಗೆಲ್ಲ ಅವಳದು ಒಂದೇ ಮಾತು: ಛತ್ರ ಬಿಟ್ಟು ಬರುವುದಿಲ್ಲ. ಸೋದರತ್ತೆಗೆ ರೋಸಿಹೋಯಿತು. "ಹಂಗಾದ್ರೆ ಆ ಬಾಗಿಲನ್ನೇ ಕಟ್ಕೊಂಡು ಬಾಳು" ಎಂದು ಎದ್ದುಹೋದಳು.

ಒಂದು ಬೇಸಿಗೆಯ ಮಧ್ಯಾಹ್ನ ಛತ್ರದ ಹಿಂದಿನ ಪೇಟೆಗೆ ಬೆಂಕಿ ಬಿತ್ತು. ಮರದ ಅಂಗಡಿಗಳು, ಜೊತೆಗೆ ಗಾಳಿ. ನೋಡನೋಡುತ್ತ ಸಾಲಿಗೆ ಸಾಲೇ ಹತ್ತಿಕೊಂಡಿತು. ಛತ್ರದಲ್ಲಿ ಗೂಡು ತುಂಬಿಟ್ಟಿದ್ದ ದೊಡ್ಡ ವ್ಯಾಪಾರಿ ರುಕ್ನೆತ್ತಿನ್ ಬೇ ಓಡಿಬಂದ. "ಬಾಗಿಲು ಹಾಕಮ್ಮ. ಜನದ ಹಿಂದೆ ಒಂದು ಕಿಡಿ ಬಂದ್ರೂ ವರ್ಷದ ಗೂಡು ಬೂದಿ." ಅವನ ಮಾತು ಸುಳ್ಳಲ್ಲ. ಅವಳು ಹಾಕಿದಳು.

ಆಚೆಯಿಂದ ಬಾಗಿಲು ಬಡಿಯತೊಡಗಿದರು. ಸಾಬಿತ್ ಗೋಡೆ ತಡವುತ್ತ ಮೆಟ್ಟಿಲಿಳಿದು ಬಂದ.

"ಯಾರು ಮಗಳೇ?"

"ಪೇಟೆಯೋರು, ಅಪ್ಪ. ಗಂಟುಮೂಟೆ ಹೊತ್ಕೊಂಡಿದಾರೆ."

"ಬೀಗದ ಕೈ ನಿನ್ನ ಹತ್ರ ಇದೆ, ನಾನೇನು ಹೇಳ್ಲಿ?"

ಮಕ್ಬುಲೆ ಅಗುಳಿ ಎಳೆದಳು. ದಿಡ್ಡಿ ಬಾಗಿಲನ್ನಲ್ಲ, ಒಂಟೆ ನುಗ್ಗುವ ಎರಡೂ ಕದಗಳನ್ನು. ಒಳಬಂದವರನ್ನು ಸುಮ್ಮನೆ ಕೂರಲು ಬಿಡಲಿಲ್ಲ; ಕಾರಂಜಿಯ ನೀರಲ್ಲಿ ಜಮಖಾನೆ ಅದ್ದಿಸಿ ಗೂಡಿನ ಕೋಣೆಗಳ ಬಾಗಿಲಿಗೆಲ್ಲ ಕಟ್ಟಿಸಿದಳು. ಹಿಂಬದಿಯ ಗುಮ್ಮಟವೊಂದರ ಸೀಸ ಕರಗಿ ತೊಟ್ಟಿಕ್ಕಿತು. ಗೋಡೆ ಮಾತ್ರ ಜಗ್ಗಲಿಲ್ಲ, ಗೂಡಿಗೆ ಕಿಡಿ ತಾಗಲಿಲ್ಲ. ಸಂಜೆಯ ಹೊತ್ತಿಗೆ ಪೇಟೆ ಇರಲಿಲ್ಲ, ಛತ್ರವಿತ್ತು.

ಆ ಚಳಿಗಾಲ ಪೇಟೆಯವರು ಅಲ್ಲೇ ಉಳಿದರು. ಪಡಸಾಲೆಯಲ್ಲಿ ಚಮ್ಮಾರರು, ಹತ್ತಿ ಹಿಂಜುವವರು ಅಂಗಡಿ ಹೂಡಿದರು. ಮೇಲಿನ ಕೋಣೆಗಳಲ್ಲಿ ಸಂಸಾರಗಳು. ಬಾಗಿಲು ತೆರೆದಳೆಂಬ ಸಿಟ್ಟಿಗೆ ತಿಂಗಳುಗಟ್ಟಲೆ ಮಕ್ಬುಲೆಯ ಮುಖ ನೋಡದಿದ್ದ ರುಕ್ನೆತ್ತಿನ್ ಬೇ, ಮೊದಲ ಹಿಮ ಬಿದ್ದ ದಿನ ಎರಡು ಗಾಡಿ ಸೌದೆ ಕಳಿಸಿದ. ಎಲ್ಲ ಹೊಗೆಗೂಡುಗಳಿಂದ ಒಟ್ಟಿಗೆ ಹೊಗೆ ಎದ್ದಾಗ ಊರಿನ ಮುದುಕರು ಬೀದಿಯಲ್ಲಿ ನಿಂತು ನೋಡಿದರು. ಒಳಗೆ ಸುಟ್ಟ ಚೆಸ್ಟ್‌ನಟ್ ಕಾಯಿಯ ಘಮ, ಬೇಳೆ ಸಾರಿನ ಹಬೆ, ಮಕ್ಕಳ ಗಲಾಟೆ. ಸಾಬಿತ್ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದ.

ವಸಂತದಲ್ಲಿ ಹೊಸ ಅಂಗಡಿಗಳೆದ್ದವು. ಒಬ್ಬೊಬ್ಬರೇ ಹೊರಟರು. ಕುದುರೆ ಜೀನು ಹೊಲಿಯುವ ನಜ್ಮಿ ಮಾತ್ರ ಹೊರಡಲಿಲ್ಲ. ಹೆಂಡತಿ ತೀರಿಹೋದ ಮಿತಭಾಷಿ ಅವನು. ಅಂಗಡಿಯ ಚಾವಣಿ ಆಗಿಲ್ಲ ಎಂದ. ಚಾವಣಿ ಆಯಿತು. ಬಣ್ಣ ಒಣಗಿಲ್ಲ ಎಂದ. ಮಕ್ಬುಲೆ ಟೀ ಲೋಟ ಅವನ ಮುಂದಿಟ್ಟು ನೇರವಾಗಿ ಕೇಳಿದಳು: "ನಜ್ಮಿ ಉಸ್ತಾ, ನಿಮಗೆ ಹೋಗೋ ಮನಸ್ಸಿದೆಯೋ ಇಲ್ಲವೋ?"

"ನೀವು ಛತ್ರ ಬಿಟ್ಟು ಬರಲ್ಲ ಅಂತ ಊರಿಗೆಲ್ಲ ಗೊತ್ತು. ನಾನೇ ಇರ್ಬಹುದಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ" ಎಂದ.

ಪೇಟೆಯವರು ಅವನನ್ನು 'ಬಾಗಿಲ ಮನೆಯ ಅಳಿಯ' ಎಂದೇ ಕರೆದರು. ಅವನು ನಗುತ್ತ ಹೆಬ್ಬಾಗಿಲ ಮೇಲಿನ ಆ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬಾಳಿದ.

ಅಪ್ಪನಂತೆ ಅವನೂ ತೀರಿಕೊಂಡ, ಗೂಡಿನ ವ್ಯಾಪಾರವೂ ನಿಂತಿತು. ಈಗ ಕೆಳಗೆಲ್ಲ ರೇಷ್ಮೆ ಶಾಲಿನ ಅಂಗಡಿಗಳು. ಅಂಗಳದ ಮರದಡಿ ಕೂತ ಮಕ್ಬುಲೆಗೆ ಅಂಗಡಿಯ ಹುಡುಗಿಯರು ಟೀ ತಂದುಕೊಟ್ಟು, ಒಂಟೆಗಳ ಕಾಲದ ಕಥೆ ಹೇಳಜ್ಜಿ ಎನ್ನುತ್ತಾರೆ. ಅದು ನಾನು ಕಂಡದ್ದಲ್ಲ ಎನ್ನುತ್ತಾಳೆ ಅವಳು. ಆಮೇಲೆ ಆ ಚಳಿಗಾಲದ ಕಥೆ ಶುರುಮಾಡುತ್ತಾಳೆ. ಯಾವ ಕೋಣೆಯಲ್ಲಿ ಯಾರಿದ್ದರು, ಯಾರ ಮಗು ಯಾವ ಒಲೆಯ ಮುಂದೆ ಮೊದಲ ಹೆಜ್ಜೆ ಇಟ್ಟಿತು ಎಂದು ಹೇಳುತ್ತ ಹೇಳುತ್ತ ಟೀ ಆರಿಹೋಗುತ್ತದೆ.