ಹಸಿರು ಗುಂಡಿ

ನನ್ನ ಅತ್ತಿಗೆಗೆ ಉಗ್ಗು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಅವಳ ಕಥೆ ಹೇಳೋರೆಲ್ಲ ಟ್ಯಾಬ್ಲೆಟ್ಟಿಂದ ಶುರು ಮಾಡ್ತಾರೆ, ಇದನ್ನ ನುಂಗಿಬಿಡ್ತಾರೆ. ಅಂಗಡಿಗೆ ಹೋಗಿ ಸಕ್ಕರೆ ಕೇಳೋಕೆ "ಸ... ಸ..." ಅಂತ ನಿಂತರೆ ಅಂಗಡಿಯವನು "ಸಾಬೂನಾ ಅಕ್ಕಾ?" ಅಂತಾನೆ. ಇವಳು ಸಾಕಪ್ಪಾ ಸಾಕು ಅಂತ ತಲೆ ಆಡಿಸಿ ಸಾಬೂನು ತಗೊಂಡು ಬರ್ತಾಳೆ. ನಮ್ಮನೇಲಿ ಚಹಾ ಸಪ್ಪೆ ಇರಬಹುದು, ಸಾಬೂನಿಗೆ ಮಾತ್ರ ಬರ ಇಲ್ಲ.

ಅವಳು ನನ್ನಣ್ಣನ ಹೆಂಡತಿ, ವಯಸ್ಸಲ್ಲಿ ನನಗಿಂತ ದೊಡ್ಡವಳು. ಆದ್ರೂ ನಾನು ಏಕವಚನದಲ್ಲೇ ಕರೆಯೋದು. ಬಹುವಚನ ಇಟ್ಕೊಂಡು ದಿನಾ ಜಗಳ ಆಡೋಕಾಗುತ್ತಾ? ಇಬ್ಬರೂ ಒಂದೇ ಶಾಲೇಲಿ ಟೀಚರು. ಅವಳಿಗೆ ಒಂದನೇ ಕ್ಲಾಸು, ನನಗೆ ಪಕ್ಕದ ಮೂರನೇ ಕ್ಲಾಸು, ನಡುವೆ ಒಂದು ಹಲಗೆ ಗೋಡೆ. ಆ ಗೋಡೆಯ ಆಚೆ ಅವಳಿಗೆ ಉಗ್ಗೇ ಇಲ್ಲ ಅಂದ್ರೆ ನಂಬ್ತೀರಾ? ಚಿಕ್ಕ ಮಕ್ಕಳ ಮುಂದೆ ನಿಂತರೆ ಸಾಕು, ಮಾತು ಸರಾಗ. ಎಲ್ಲಾನೂ ಹಾಡು ಮಾಡಿ ಹೇಳ್ತಾಳೆ, ಮಕ್ಕಳು ಹಿಂದೇನೇ ಹೇಳ್ತವೆ. ಮಿಸ್ಸು ಕೆಮ್ಮಿದ್ರೆ ಕ್ಲಾಸೆಲ್ಲ ಕೆಮ್ಮುತ್ತೆ. ತಮ್ಮ ಮಿಸ್ಸಿಗೆ ಮಾತು ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದು ಆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಇಡೀ ಲೋಕದಲ್ಲಿ ಅವಳು ಬಾಯಿ ತುಂಬ ಮಾತಾಡೋ ಜಾಗ ಅದೊಂದೇ. ಕಟ್ಟಿಕೊಂಡ ಗಂಡನ ಹತ್ರಾನೂ ಅರ್ಧ ಮಾತು, ಅರ್ಧ ಕೈಸನ್ನೆ.

ಮೇಲಿಂದ ಆದೇಶ ಬಂತು. ಒಂದನೇ ಕ್ಲಾಸಿನ ಪ್ರತಿ ಮಗೂನೂ ತಾನೇ ಟ್ಯಾಬ್ಲೆಟ್ಟಲ್ಲಿ ಪಾಠ ತೆರೆದು, ಅಕ್ಷರ ಕೇಳಿಸ್ಕೊಂಡು, ಅದನ್ನ ಬೆರಳಲ್ಲಿ ಎಳೆದು ಸರಿಯಾದ ಚಿತ್ರದ ಮೇಲೆ ಬಿಡಬೇಕು. ಟೀಚರ್ ಕೈ ಹಾಕೋ ಹಾಗಿಲ್ಲ. ಇಲಾಖೆ ಸಾಹೇಬರು ತಪಾಸಣೆಗೆ ಬರ್ತಾರೆ. ಮಕ್ಕಳಿಗೆ ಬರಲಿಲ್ಲ ಅಂದ್ರೆ ಟೀಚರನ್ನ ಆ ಕ್ಲಾಸಿಂದ ತೆಗೆದು ಬೇರೆ ಕೆಲಸಕ್ಕೆ ಹಾಕ್ತಾರೆ.

ಆ ಸಂಜೆ ಅತ್ತಿಗೆ ಒಲೆ ಹಚ್ಚಲಿಲ್ಲ. ಅಡುಗೆಮನೆ ಹೊಸ್ತಿಲಲ್ಲೇ ಕೂತಿದ್ದಳು.

"ಒ... ಒಂದನೇ ಕ್ಲಾಸು ಹೋದ್ರೆ ನಾ... ನಾನು ಸತ್ತ ಹಾಗೇ ಕಣೆ."

"ಥೂ, ಬಿಡ್ತು ಅನ್ನು," ಅಂತ ಗದರಿದೆ. ಗದರಿದ್ದು ಬಾಯಿ ಮಾತಿಗೆ. ಆಮೇಲೆ ನಾನೇ ಹೋಗಿ ಒಲೆ ಹಚ್ಚಿದೆ.

ಟ್ಯಾಬ್ಲೆಟ್ಟುಗಳು ಶಾಲೇಲಿ ಇದ್ದವು. ಇರಲಿಲ್ಲ ಅಂತ ನಾನು ಹೇಳಲ್ಲ. ಹೆಡ್‌ಮಾಸ್ಟರ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರ್ ಸಮೇತ, ಮದುವೆ ಹೆಣ್ಣಿನ ಹಾಗೆ ಕೂತಿದ್ದವು. ಬೀಗದ ಕೈ ಅವರ ಜೇಬಲ್ಲಿ. ಅತ್ತಿಗೆ ಚೀಟಿ ಬರೆದು ಕೇಳಿದಳು, ನಾನು ಬಾಯಿ ಬಿಟ್ಟು ಕೇಳಿದೆ.

"ಮಂಗನ ಕೈಗೆ ಮಾಣಿಕ್ಯ ಕೊಡೋಕಾಗುತ್ತಾ ಟೀಚರ್? ಒಡೆದ್ರೆ ಯಾರು ಹೊಣೆ?"

"ಮತ್ತೆ ಮಕ್ಕಳು ಕಲಿಯೋದು ಹೇಗೆ ಸಾರ್?"

"ಅದು ನಿಮ್ಮ ಜವಾಬ್ದಾರಿ."

ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನೋದು ಕೇಳಿದ್ದೆ. ಕಡಲೆ ಎದುರಿಗಿಟ್ಟು ಬೀಗ ಹಾಕೋದನ್ನ ಅವತ್ತೇ ನೋಡಿದ್ದು. ಕೊನೆಗೆ ನಮ್ಮ ಕಾಟ ತಡೀಲಾರದೆ ಹೆಡ್‌ಮಾಸ್ಟರ್ ಒಂದು ಸಂಜೆ ಒಂದು ಟ್ಯಾಬ್ಲೆಟ್ ತೆಗೆದು, ತಮ್ಮ ಕೈಯಲ್ಲೇ ಹಿಡ್ಕೊಂಡು ತೋರಿಸಿದರು. ಅತ್ತಿಗೆ ರೆಪ್ಪೆ ಮಿಟುಕಿಸದೆ ನೋಡಿದಳು. ಮನೆಗೆ ಬಂದವಳೇ ಸ್ಲೇಟು ತಗೊಂಡು ಬಣ್ಣದ ಬಳಪದಲ್ಲಿ ಆ ಪರದೆಯನ್ನ ಇದ್ದ ಹಾಗೇ ಬರೆದಳು. ಕೆಳಗೆ ಎಡ ಮೂಲೇಲಿ ಅಕ್ಷರ ಕೇಳಿಸೋ ಹಸಿರು ಗುಂಡಿ, ಮಧ್ಯ ಅಕ್ಷರ, ಮೇಲೆ ಚಿತ್ರಗಳು.

ಮಾರನೇ ದಿನದಿಂದ ಅದೇ ಪಾಠ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಪ್ರತಿ ಮಗುವಿನ ಸ್ಲೇಟಿನ ಮೇಲೂ ಟ್ಯಾಬ್ಲೆಟ್ ಬರೆದಿಡೋಳು. ಆಮೇಲೆ ಹಲಗೆ ಗೋಡೆ ಆಚೆಯಿಂದ ಹಾಡು ಕೇಳೋದು:

"ಎಡದ ಮೂಲೆ ಹಸಿರು ಗುಂಡಿ, ಮೆಲ್ಲ ಮೆಲ್ಲ ಒತ್ತೋಣ! ಅಕ್ಷರಾನ ಬೆರಳಲ್ಲೆಳೆದು ಚಿತ್ರದ ಮನೆಗೆ ಬಿಡೋಣ!"

ಮಕ್ಕಳು ಸ್ಲೇಟಿನ ಮೇಲೆ ಒತ್ತುತ್ತಿದ್ದವು, ಎಳೀತಿದ್ದವು. ಗುಂಡಿ ಅಳಿಸಿಹೋದ್ರೆ ಹೆಬ್ಬೆರಳು ನೆಕ್ಕಿ ಒರೆಸಿ, ಮತ್ತೆ ಅದೇ ಜಾಗದಲ್ಲಿ ಬರೀತಿದ್ದವು. ಮನೇಲಿ ಇವಳಿಗೆ ಸಿಕ್ಕ ವಿದ್ಯಾರ್ಥಿ ನನ್ನಣ್ಣ, ಬಸ್ ಡ್ರೈವರು. ಊಟದ ತಟ್ಟೆ ಪಕ್ಕ ಸ್ಲೇಟಿಟ್ಟು "ಎ... ಎಳಿ" ಅಂತಿದ್ದಳು. "ಎಳೆದೆ ಕಣೇ. ಯಾವ ಸ್ಟಾಪಲ್ಲಿ ಇಳಿಸಲಿ?" ಅಂತಿದ್ದ ಅವನು. ಅವಳು ನಕ್ಕಿದ್ದನ್ನ ನಾನು ನೋಡಿದ್ದು ಅದೇ ಕೊನೆ.

ತಪಾಸಣೆ ವಾರ ಹೆಡ್‌ಮಾಸ್ಟರ್ ಮನಸ್ಸು ಕರಗಿ ಒಂದು ಮಧ್ಯಾಹ್ನ ಒಂದು ಟ್ಯಾಬ್ಲೆಟ್ ಹಿಡ್ಕೊಂಡು ನಿಂತರು. ಮಕ್ಕಳು ಸಾಲಾಗಿ ಬಂದು ಒತ್ತಿದವು. ಒಂದೂ ತಪ್ಪಲಿಲ್ಲ, ರೀ! ಸ್ಲೇಟಲ್ಲಿ ಕಲಿತ ಬೆರಳು ನೆಟ್ಟಗೆ ಹಸಿರು ಗುಂಡಿಗೇ ಹೋಯ್ತು. ಅತ್ತಿಗೆ ನನ್ನ ಕೈ ಹಿಡಿದು ಹಿಂಡಿದಳು, ಬಳೆ ಒತ್ತಿ ಗುರುತು ಬಿತ್ತು.

ಸಾಹೇಬರು ಬಂದರು. ಒಳ್ಳೇ ಮನುಷ್ಯ, ಸುಳ್ಳು ಯಾಕೆ ಹೇಳ್ಲಿ. ಮಕ್ಕಳನ್ನ ನೋಡಿ ನಕ್ಕರು. ಹೆಡ್‌ಮಾಸ್ಟರ್ ಟ್ಯಾಬ್ಲೆಟ್ಟುಗಳನ್ನ ತಾವೇ ಹಂಚಿದರು. "ನಿನ್ನೆ ಸಂಜೆ ಎಲ್ಲಾನೂ ಅಪ್‌ಡೇಟ್ ಮಾಡಿಸಿದ್ದೀನಿ ಸಾರ್, ಹೊಚ್ಚ ಹೊಸದು," ಅಂದರು. ನಾನು ನನ್ನ ಕ್ಲಾಸು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ.

ಮಕ್ಕಳು ಹಾಡು ಹೇಳ್ಕೊಂಡು ಎಡ ಮೂಲೆ ಒತ್ತಿದವು. ಎಲ್ಲಾ ಪಾಠಗಳೂ ಮುಚ್ಚಿಹೋದವು. ಹೊಸದರಲ್ಲಿ ಹಸಿರು ಗುಂಡಿ ಬಲಗಡೆ ಮೇಲಕ್ಕೆ ಹೋಗಿತ್ತು. ಹಳೇ ಜಾಗದಲ್ಲಿ ಪಾಠ ಮುಚ್ಚೋ ಗುಂಡಿ ಬಂದು ಕೂತಿತ್ತು. ಮಕ್ಕಳು ಮತ್ತೆ ತೆರೆದವು, ಮತ್ತೆ ಅದೇ ಮೂಲೆ ಒತ್ತಿದವು, ಮತ್ತೆ ಮುಚ್ಚಿತು. ಅತ್ತಿಗೆ ಮುಖ ಬಿಳಿಚಿಕೊಂಡಿತು.

ಮುಂದಿನ ಬೆಂಚಿನಲ್ಲಿ ಹಾಲುಹಲ್ಲು ಬಿದ್ದ ಒಂದು ಪುಟ್ಟಿ. "ಮಿಸ್, ಇದರಲ್ಲಿ ಗುಂಡಿ ತಪ್ಪು ಜಾಗದಲ್ಲಿ ಬರೆದಿದ್ದಾರೆ," ಅಂದಿತು. ಹೆಬ್ಬೆರಳು ನೆಕ್ಕಿತು, ಗಾಜು ಒರೆಸಿತು. ಜೇಬಿಂದ ಹಸಿರು ಬಳಪ ತೆಗೆದು, ಎಡ ಮೂಲೇಲಿ ಕರ್‍ರ್ ಅಂತ ಗುಂಡಿ ಬರೆದು, ಒತ್ತಿತು. ಅದನ್ನ ನೋಡಿ ಪಕ್ಕದವನು ಬರೆದ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕ್ಲಾಸೆಲ್ಲ ಎಂಜಲು, ಬಳಪ, ಗೀರು.

"ಅಯ್ಯಯ್ಯೋ!" ಅಂತ ಹೆಡ್‌ಮಾಸ್ಟರ್ ತಲೆ ಮೇಲೆ ಕೈ ಹೊತ್ತರು.

ಸಾಹೇಬರು ಸಿಟ್ಟಾಗಲಿಲ್ಲ. ಅತ್ತಿಗೆ ಕಡೆ ತಿರುಗಿ, "ಟೀಚರ್, ಇದು ಯಾಕೆ ಹೀಗಾಯ್ತು? ಹೇಳಿ, ನಾನು ಕೇಳ್ತೀನಿ," ಅಂದರು. ನಿಜವಾಗ್ಲೂ ಕೇಳೋಕೆ ನಿಂತರು.

ಅತ್ತಿಗೆ ಬಾಯಿ ತೆರೆದಳು. "ಬೀ..." ಅಂದಳು. "ಬೀ... ಬೀ..."

ಬೀಗ. ಅವಳು ಹೇಳೋಕೆ ಹೊರಟಿದ್ದು ಅದೊಂದೇ ಮಾತು. ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರು ಬಂದಿತ್ತು. "ಬೀ... ಬೀ... ಬೀ..."

ಮಕ್ಕಳು ಮಿಸ್ಸಿನ ಮುಖ ನೋಡಿದವು. ಮಿಸ್ಸು ಹೇಳಿದ್ದನ್ನ ಹಿಂದೆ ಹೇಳೋದು ತಾನೇ ಅವಕ್ಕೆ ಗೊತ್ತಿರೋದು? ಹೊಸ ಹಾಡು ಅಂದ್ಕೊಂಡವು. ಪುಟ್ಟಿ ಕೈತಟ್ಟಿ ಶುರು ಮಾಡಿತು, ಆಮೇಲೆ ಎಲ್ಲ ಒಟ್ಟಿಗೆ: "ಬೀ ಬೀ ಬೀ! ಬೀ ಬೀ ಬೀ!"

ನನಗೆ ತಡೀಲಿಲ್ಲ. "ಬೀಗ ಸಾರ್! ಬೀರುಗೆ ಬೀಗ ಹಾಕಿಟ್ಟಿದ್ರು ಅಂತ ಹೇಳ್ತಿದ್ದಾಳೆ!" ಅಂತ ಬಾಗಿಲಿಂದಲೇ ಕಿರುಚಿದೆ. ಮಕ್ಕಳ ಗಲಾಟೇಲಿ ಸಾಹೇಬರಿಗೆ ಎಷ್ಟು ಕೇಳಿಸಿತೋ. "ನೀವು ಯಾರು? ನಿಮ್ಮ ಕ್ಲಾಸಲ್ಲಿ ಯಾರಿದ್ದಾರೆ?" ಅಂದರು. ಗೋಡೆ ಆಚೆ ನನ್ನ ಮೂರನೇ ಕ್ಲಾಸು ಬೆಂಚು ಉರುಳಿಸ್ತಿತ್ತು. ಅತ್ತಿಗೆ ಬಾಯಿ ಮುಚ್ಚಿದಳು. ಮಕ್ಕಳೂ ಟಪ್ ಅಂತ ನಿಲ್ಲಿಸಿದವು.

ಒಂದನೇ ಕ್ಲಾಸು ಹೊಸ ಟೀಚರಿಗೆ ಹೋಯ್ತು. ಒಳ್ಳೇ ಹುಡುಗಿ, ಅವಳ ಮೇಲೆ ನನಗೇನೂ ಕೋಪ ಇಲ್ಲ. ಈಗ ಟ್ಯಾಬ್ಲೆಟ್ಟುಗಳು ದಿನಾ ಕ್ಲಾಸಿಗೆ ಹೋಗಿ ಬರ್ತವೆ. ಸ್ಟೋರ್ ರೂಮಲ್ಲಿ ಅವನ್ನ ಒರೆಸಿ, ಚಾರ್ಜಿಗೆ ಹಾಕಿ ಕಾಯೋ ಕೆಲಸ ಅತ್ತಿಗೆಗೆ. ಬೀರುವಿನ ಬೀಗದ ಕೈ ಅವಳ ಕೈಗೇ ಕೊಟ್ಟರು, ನೋಡಿ! ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ಸ್ಟಾಫ್ ರೂಮಲ್ಲಿ ಕೂಗಾಡಿದೆ. ಎಲ್ಲರೂ ಚಹಾ ಕುಡಿದರು.

ಮನೇಲಿ ಅವಳಿಗೆ ಆ ಅರ್ಧ ಮಾತೂ ನಿಂತುಹೋಯ್ತು. ಕೈಸನ್ನೆಯೂ ಕಮ್ಮಿ. ನಾನು ಬೇಕಂತಲೇ ಜಗಳ ತೆಗೆದೆ, ಪಾತ್ರೆ ಕುಕ್ಕಿದೆ, ಅವಳ ಸೀರೆ ಹೇಳದೆ ಉಟ್ಟೆ. ಏನೂ ಇಲ್ಲ. "ಬೈಯೋದೂ ಇಲ್ಲ ಕಣೆ ಇವಳು," ಅಂತ ಅಣ್ಣ ನನ್ನ ಹತ್ರ ಬಂದು ಅತ್ತ.

ಮೊನ್ನೆ ಶಾಲೆ ಬಿಟ್ಟ ಮೇಲೆ ಒಟ್ಟಿಗೆ ಮನೆಗೆ ಹೋಗೋಣ ಅಂತ ಸ್ಟೋರ್ ರೂಮಿನ ಕಡೆ ಹೋದೆ. ಒಳಗಿಂದ ಅವಳ ದನಿ ಕೇಳಿಸ್ತು. ತಡೆ ಇಲ್ಲದ ದನಿ, ಹಲಗೆ ಗೋಡೆ ಆಚೆಯ ದನಿ. ಯಾವುದೋ ಮಗು ಅವಳನ್ನ ಹುಡುಕ್ಕೊಂಡು ಬಂದಿದೆ ಅಂದ್ಕೊಂಡೆ. ಎದೆ ತುಂಬಿ ಬಂತು. ಮೆಲ್ಲಗೆ ಬಾಗಿಲು ತಳ್ಳಿದೆ.

ಮಗು ಯಾವುದೂ ಇರಲಿಲ್ಲ. ಮೇಜಿನ ಮೇಲೆ ಟ್ಯಾಬ್ಲೆಟ್ಟುಗಳನ್ನ ಗೋಡೆಗೆ ಒರಗಿಸಿ, ಬೆಂಚಲ್ಲಿ ಕೂರಿಸಿದ ಹಾಗೆ ಸಾಲಾಗಿ ಇಟ್ಟಿದ್ದಳು. ಒಂದೊಂದರ ಎಡ ಮೂಲೇಲೂ ಬಳಪದ ಗೀರು ಹಾಗೇ ಇತ್ತು. ಅವುಗಳ ಎದುರು ನಿಂತು ಹಾಡ್ತಿದ್ದಳು: "ಬಲಗಡೆ ಮೇಲೆ ಹಸಿರು ಗುಂಡಿ, ಮೆಲ್ಲ ಮೆಲ್ಲ ಒತ್ತೋಣ!" ಹಾಡಿ, ಹಿಂದೆ ಹೇಳೋರಿಗೆ ಅಂತ ನಿಲ್ಲಿಸಿ, ಕಾದಳು.

ಬಾಗಿಲ ಸದ್ದಿಗೆ ತಿರುಗಿದಳು.

"ಬೆ... ಬೆ... ಬೆಲ್ ಆಯ್ತಾ?" ಅಂದಳು.