ಹೊಲಿಗೆ ಮಷೀನು ತರಲು ಹುಕ್ಕೇರಿಗೆ

ಮೂಡಲಗಿಯಿಂದ ಬೆಳಿಗ್ಗೆ ಹೊರಟಾಗ ನಮ್ಮ ಮನೆಯವರು ಮುಖ ಗಂಟು ಹಾಕಿಕೊಂಡೇ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಬೆನ್ನಿನ ಆಪರೇಷನ್ ಆದ ಮೇಲೆ ನಾನು ಒಬ್ಬಳೇ ಊರು ಬಿಟ್ಟದ್ದು ಇದೇ ಮೊದಲು. ಕಾಲು ಸೋತು ಹಾಸಿಗೆ ಹಿಡಿದಿದ್ದಾಗ, ಇನ್ನು ಇವಳೆಲ್ಲಿ ತುಳಿದಾಳು ಎಂದು ಹುಕ್ಕೇರಿಯ ಅಕ್ಕ ನನ್ನ ಹೊಲಿಗೆ ಮಷೀನನ್ನು ತನ್ನ ಸೊಸೆಗೆ ಒಯ್ದಿದ್ದಳು. ನನ್ನನ್ನೊಂದು ಮಾತು ಕೇಳಿರಲಿಲ್ಲ. ಅದನ್ನು ತರಲು ಹೊರಟಿದ್ದೆ.

ಆಧಾರ್ ಕಾರ್ಡ್ ತೋರಿಸಿದೆ, ಟಿಕೆಟ್ ಪುಕ್ಕಟೆ. ನಾಗನೂರು ದಾಟುವಷ್ಟರಲ್ಲಿ ಬಿಸಿಲೇರಿತು. ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ನನ್ನ ಕೋಲು ನೋಡಿ ಏನಾಗಿತ್ತೆಂದು ಕೇಳಿದರು. ಬೆನ್ನುಹುರಿಯ ಬಳಿ ರಕ್ತನಾಳಗಳು ತಪ್ಪಾಗಿ ಕೂಡಿಕೊಂಡು, ಉಬ್ಬಿ, ಹುರಿಯನ್ನೇ ಒತ್ತುತ್ತಿದ್ದವು; ಬೆಳಗಾವಿಯಲ್ಲಿ ಬೆನ್ನೆಲುಬು ತೆರೆದು ಆ ತಪ್ಪು ಕೂಡಿಕೆಯನ್ನು ಮುಚ್ಚಿದರು ಎಂದೆ. ಇನ್ನಷ್ಟು ಹಾಳಾಗದಂತೆ ತಡೆಯಬಹುದು, ಮೊದಲಿನಂತೆ ಆಗುವ ಖಾತ್ರಿಯಿಲ್ಲ ಎಂದು ಡಾಕ್ಟರು ಮುಂಚೆಯೇ ಹೇಳಿದ್ದರು. ಬೆನ್ನು ಕೊಯ್ಸಿಕೊಂಡವರು ಎದ್ದು ನಡೆಯುವುದಿಲ್ಲ ಎಂದು ಅಜ್ಜಿಯ ವಾದ. ಹಾಗಾದರೆ ಈ ಬಸ್ಸು ಹತ್ತಿದವಳು ಯಾರು ಎಂದು ಕೇಳಿ ಕಿಟಕಿಯ ಕಡೆ ತಿರುಗಿದೆ.

ಗೋಕಾಕದಲ್ಲಿ ಬಸ್ಸು ಬದಲಿಸುವ ಮುನ್ನ ಗಿರ್ಮಿಟ್ ತಿಂದು ಚಹಾ ಕುಡಿದೆ. ಅಕ್ಕನಿಗೆ ಕರದಂಟು ಒಯ್ಯಬಹುದಿತ್ತು; ಬೇಕಂತಲೇ ಬಿಸ್ಕಿಟ್ ಪುಡಾ, ಬಾಳೆಹಣ್ಣು ಕೊಂಡೆ. ನಮ್ಮಲ್ಲಿ ರೋಗಿಯನ್ನು ಮಾತಾಡಿಸಲು ಹೋಗುವವರು ಒಯ್ಯುವುದು ಅವನ್ನೇ. ಬಳಗದವರೆಲ್ಲ ತಂದು ಸುರಿದದ್ದನ್ನು ತಿಂದು ತಿಂದು ನನಗೆ ರೇಜಿಗೆ ಹಿಡಿದಿತ್ತು.

ಹುಕ್ಕೇರಿ ಮುಟ್ಟಿದಾಗ ಮಧ್ಯಾಹ್ನ. ಅಕ್ಕ ಚೀಲದೊಳಗೆ ಇಣುಕಿದಳು. "ಇವೆಲ್ಲಾ ಯಾರಿಗಿ? ನಾವೆಲ್ಲಾ ಆರಾಮ ಅದೇವಿ."

"ನಾನೂ ಆರಾಮ ಅದೇನಿ," ಎಂದು ನೇರವಾಗಿ ಹೋಗಿ ಮಷೀನಿನ ಮುಂದೆ ಕುಳಿತೆ.

ಎಡ ಅಂಗಾಲಿಗೆ ಇನ್ನೂ ಸ್ಪರ್ಶ ತಿಳಿಯುವುದಿಲ್ಲ. ಕಣ್ಣಿಂದ ನೋಡಿಯೇ ಪಾದವನ್ನು ಪೆಡಲಿನ ಮೇಲಿಟ್ಟೆ. ಗಾಲಿ ಹಿಂದಕ್ಕೆ ತಿರುಗಿ ದಾರ ಪಟಕ್ಕನೆ ಹರಿಯಿತು. ಸೊಸೆ ನೆಲ ನೋಡಿದಳು. ನನಗೆ ಸಿಟ್ಟೂ ಬಂತು, ಹೆದರಿಕೆಯೂ ಬಂತು. ಮತ್ತೆ ದಾರ ಪೋಣಿಸಿ ತುಳಿದೆ. ಈ ಸಲ ಗಾಲಿ ಮುಂದಕ್ಕೆ ಓಡಿತು. ಅರಿವೆಯ ತುದಿಯವರೆಗೆ ಹೊಲಿಗೆ ಬಿತ್ತು. ಸ್ವಲ್ಪ ಸೊಟ್ಟಗಿತ್ತು.

ಮೋಟಾರು ಕೂಡಿಸಿದ ಬೇರೆ ಮಷೀನು ಕೊಡಿಸುತ್ತೇನೆಂದು ಅಕ್ಕ ಸಮಾಧಾನ ಹೇಳಿದಳು. ಬೇಡವೆಂದೆ. ಅವಳ ಕಣ್ಣು ತುಂಬಿದವು.

"ಮತ್ತ ಕಾಲ ಹೋದ್ರ ಏನ್ ಮಾಡ್ತಿ?"

"ಹೋದ ದಿನ ನಾನ ಕಳಸ್ತೇನಿ. ಇವತ್ತ ಕೊಡು."

ಸೊಸೆಯೇ ಎದ್ದು ಮಷೀನಿನ ಒಂದು ಬದಿ ಹಿಡಿದಳು. ಬಾಡಿಗೆ ಟೆಂಪೋ ಹುಕ್ಕೇರಿ ದಾಟಿದ ಮೇಲೂ, ಹಗ್ಗ ಬಿಗಿದ ಮಷೀನು ಅಲ್ಲೇ ಇದೆಯೇ ಎಂದು ಹಿಂತಿರುಗಿ ನೋಡುತ್ತಲೇ ಇದ್ದೆ.